ತರಗತಿ ಬೋಧನೆಯ ಸುಧಾರಣೆಗಾಗಿ ಶಿಕ್ಷಕರ ಸಂಶೋಧನಾ ಗುಂಪುಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮಗುವನ್ನು ಶಾಲೆಗೆ ದಾಖಲಿಸುವ ಸಂದರ್ಭದಲ್ಲಿ ಪೋಷಕರು ಶಾಲಾ ಕಟ್ಟಡ, ಬಿಸಿಯೂಟ, ಪಠ್ಯಪುಸ್ತಕ, ಸಮವಸ್ತ್ರ ಮತ್ತು ಶಿಕ್ಷಕರ ಸಂಖ್ಯೆಯ ಬಗ್ಗೆ ವಿಚಾರಿಸುವುದು ಸಹಜ. ಆದರೆ ತರಗತಿಯೊಳಗೆ ಬೋಧನೆ ಹೇಗೆ ನಡೆಯುತ್ತದೆ, ಅದರಲ್ಲಿ ಕೊರತೆ ಕಂಡುಬಂದಾಗ ಶಿಕ್ಷಕರು ಅದನ್ನು ಯಾವ ರೀತಿ ಸರಿಪಡಿಸಿಕೊಳ್ಳುತ್ತಾರೆ ಎಂಬ ವಿಷಯವು ಸಾಮಾನ್ಯವಾಗಿ ಪೋಷಕರ ಗಮನಕ್ಕೆ ಬರುವುದಿಲ್ಲ. ಮಗು ಕಲಿಯದಿದ್ದಲ್ಲಿ "ಮಗು ದಡ್ಡ" ಎಂದೋ, "ಮೇಷ್ಟ್ರು ಸರಿಯಾಗಿ ಪಾಠ ಮಾಡುವುದಿಲ್ಲ" ಎಂದೋ ತೀರ್ಮಾನಿಸಲಾಗುತ್ತದೆ. ಈ ಎರಡೂ ತೀರ್ಮಾನಗಳಿಂದ ಮಗುವಿಗೆ ಯಾವ ಪ್ರಯೋಜನವೂ ಇಲ್ಲ.

ಒಂದು ತರಗತಿಯ ಕಲಿಕೆಯ ಸಮಸ್ಯೆಗೆ ನಿಜವಾದ ಕಾರಣವನ್ನು ಪತ್ತೆಹಚ್ಚಿ, ಪರಿಹಾರವನ್ನು ಪ್ರಯೋಗಿಸಿ, ಫಲಿತಾಂಶವನ್ನು ದಾಖಲಿಸುವ ಕೆಲಸವನ್ನು ಶಿಕ್ಷಕರೇ ಒಟ್ಟಾಗಿ ಕೈಗೊಳ್ಳಬಹುದಾಗಿದೆ. ಹೀಗೆ ಕಾರ್ಯನಿರ್ವಹಿಸುವ ಶಿಕ್ಷಕರ ಸಣ್ಣ ಗುಂಪುಗಳ ಉದ್ದೇಶ, ಹಿನ್ನೆಲೆ, ಕಾರ್ಯವಿಧಾನ ಹಾಗೂ ಅವುಗಳಿಗೆ ಸಂಬಂಧಿಸಿದಂತೆ ಪೋಷಕರು ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಶಿಕ್ಷಕರ ಸಂಶೋಧನಾ ಗುಂಪು ಎಂದರೇನು?

ಒಂದೇ ಶಾಲೆಯ ಅಥವಾ ನೆರೆಹೊರೆಯ ಶಾಲೆಗಳ ಕೆಲವು ಶಿಕ್ಷಕರು ತಮ್ಮ ತರಗತಿಗಳಲ್ಲಿ ಕಂಡುಬಂದ ಒಂದು ನಿರ್ದಿಷ್ಟ ಸಮಸ್ಯೆಯನ್ನು ಆರಿಸಿಕೊಂಡು, ಅದರ ಬಗ್ಗೆ ಕ್ರಮಬದ್ಧವಾಗಿ ಮಾಹಿತಿ ಸಂಗ್ರಹಿಸಿ, ಬೋಧನೆಯಲ್ಲಿ ಬದಲಾವಣೆ ಮಾಡಿ, ಆ ಬದಲಾವಣೆಯಿಂದ ಕಲಿಕೆಯಲ್ಲಿ ವ್ಯತ್ಯಾಸವಾಯಿತೇ ಎಂದು ಪರಿಶೀಲಿಸುವ ಗುಂಪನ್ನು ಶಿಕ್ಷಕರ ಸಂಶೋಧನಾ ಗುಂಪು ಎನ್ನಬಹುದು. ಈ ವಿಧಾನಕ್ಕೆ ಶಿಕ್ಷಣ ಕ್ಷೇತ್ರದಲ್ಲಿ "ಕ್ರಿಯಾ ಸಂಶೋಧನೆ" ಎಂಬ ಹೆಸರಿದೆ.

ಇದು ವಿಶ್ವವಿದ್ಯಾಲಯಗಳಲ್ಲಿ ಪದವಿಗಾಗಿ ನಡೆಸುವ ಸಂಶೋಧನೆಗಿಂತ ಭಿನ್ನವಾದುದು. ಎಲ್ಲ ಕಾಲಕ್ಕೂ, ಎಲ್ಲ ಶಾಲೆಗಳಿಗೂ ಅನ್ವಯಿಸುವ ಸಿದ್ಧಾಂತವನ್ನು ರೂಪಿಸುವುದು ಇದರ ಗುರಿಯಲ್ಲ. ಈ ವರ್ಷ, ಈ ಶಾಲೆಯಲ್ಲಿ, ಈ ಮಕ್ಕಳಿಗೆ ಎದುರಾಗಿರುವ ತೊಡಕನ್ನು ನಿವಾರಿಸುವುದೇ ಇದರ ಗುರಿ.

3. ಈ ಪರಿಕಲ್ಪನೆಯ ಹಿನ್ನೆಲೆ

ಕ್ರಿಯಾ ಸಂಶೋಧನೆಯ ಪರಿಕಲ್ಪನೆಯನ್ನು ಸಮಾಜ ಮನೋವಿಜ್ಞಾನಿ ಕರ್ಟ್ ಲೆವಿನ್ ಅವರು 1946ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಪ್ರತಿಪಾದಿಸಿದರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿದ್ದ ಸ್ಟೀಫನ್ ಕೋರಿ ಅವರು 1953ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಇದನ್ನು ಶಾಲಾ ಬೋಧನೆಗೆ ಅನ್ವಯಿಸಿದರು. ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ ಅವರು 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಪಠ್ಯಕ್ರಮದ ನಿಜವಾದ ಪರೀಕ್ಷೆ ನಡೆಯುವುದು ತರಗತಿಯಲ್ಲಾದುದರಿಂದ ಶಿಕ್ಷಕರೇ ಸಂಶೋಧಕರಾಗಬೇಕು ಎಂಬ ವಿಚಾರವನ್ನು ಮಂಡಿಸಿದರು.

ಜಪಾನ್ ದೇಶದಲ್ಲಿ ಇದಕ್ಕೂ ಹಿಂದಿನಿಂದ "ಜುಗ್ಯೋ ಕೆಂಕ್ಯೂ", ಅಂದರೆ "ಪಾಠ ಅಧ್ಯಯನ" ಎಂಬ ಪದ್ಧತಿ ರೂಢಿಯಲ್ಲಿದೆ. ಶಿಕ್ಷಕರು ಒಟ್ಟಾಗಿ ಕುಳಿತು ಒಂದು ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಅದನ್ನು ತರಗತಿಯಲ್ಲಿ ಬೋಧಿಸುತ್ತಾರೆ. ಉಳಿದವರು ಮಕ್ಕಳ ಪ್ರತಿಕ್ರಿಯೆಯನ್ನು ಗಮನಿಸಿ ಬರೆದುಕೊಳ್ಳುತ್ತಾರೆ. ನಂತರ ಎಲ್ಲರೂ ಸೇರಿ ಚರ್ಚಿಸಿ ಪಾಠವನ್ನು ಪರಿಷ್ಕರಿಸುತ್ತಾರೆ. 1999ರಲ್ಲಿ ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್ ಅವರು ಬರೆದ ಗ್ರಂಥದಿಂದಾಗಿ ಈ ಪದ್ಧತಿ ಇತರ ದೇಶಗಳಿಗೂ ವ್ಯಾಪಕವಾಗಿ ಪರಿಚಯವಾಯಿತು.

4. ನಮ್ಮ ದೇಶದ ಹಾಗೂ ರಾಜ್ಯದ ಅನುಭವ

ಅ) ಹೋಷಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ: ಮಧ್ಯಪ್ರದೇಶದ ಹೋಷಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಈ ಕಾರ್ಯಕ್ರಮ ಆರಂಭವಾಯಿತು. 6ರಿಂದ 8ನೇ ತರಗತಿಯ ಮಕ್ಕಳು ಪ್ರಯೋಗಗಳನ್ನು ತಾವೇ ಮಾಡಿ ವಿಜ್ಞಾನ ಕಲಿಯುವುದು ಇದರ ತಿರುಳು. 1978ರಲ್ಲಿ ಇದನ್ನು ಇಡೀ ಜಿಲ್ಲೆಗೆ ವಿಸ್ತರಿಸಲಾಯಿತು. 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆಯು ನಂತರದ ಹೊಣೆಯನ್ನು ವಹಿಸಿಕೊಂಡಿತು. ಗ್ರಾಮೀಣ ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆ ಸಭೆ ಸೇರಿ, ಯಾವ ಪ್ರಯೋಗ ತರಗತಿಯಲ್ಲಿ ಕೈಗೂಡಿತು, ಯಾವುದು ಕೈಗೂಡಲಿಲ್ಲ, ಮಕ್ಕಳು ಯಾವ ಪ್ರಶ್ನೆ ಕೇಳಿದರು ಎಂಬುದನ್ನು ಚರ್ಚಿಸುತ್ತಿದ್ದರು. ಅವರ ಅನುಭವದ ಆಧಾರದ ಮೇಲೆ ಪಠ್ಯಪುಸ್ತಕದ ಅಧ್ಯಾಯಗಳೇ ಪರಿಷ್ಕರಣೆಗೊಂಡವು. ರಾಜ್ಯ ಸರ್ಕಾರದ ತೀರ್ಮಾನದಂತೆ 2002ರಲ್ಲಿ ಕಾರ್ಯಕ್ರಮವು ಕೊನೆಗೊಂಡಿತು. ಆದರೂ ಮಾಸಿಕ ಸಭೆಯು ಸುತ್ತೋಲೆ ಓದುವ ಸಭೆಯಾಗದೆ ಪಾಠದ ಚರ್ಚೆಯ ಸಭೆಯಾಗಬಲ್ಲದು ಎಂಬುದಕ್ಕೆ ಇದು ಮೂರು ದಶಕಗಳ ನಿದರ್ಶನವಾಗಿದೆ.

ಆ) ನಲಿ-ಕಲಿ: ನಮ್ಮ ರಾಜ್ಯದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ನಲಿ-ಕಲಿ ಪದ್ಧತಿಯು ಆರಂಭವಾಯಿತು. ಆಂಧ್ರಪ್ರದೇಶದ ಮದನಪಲ್ಲಿ ಸಮೀಪದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿನ ಬೋಧನಾ ಕ್ರಮವನ್ನು ತಾಲ್ಲೂಕಿನ ಶಿಕ್ಷಕರು ಕಣ್ಣಾರೆ ನೋಡಿ ಬಂದರು. ಬಳಿಕ ಅದನ್ನು ಯಥಾವತ್ತಾಗಿ ಅನುಸರಿಸದೆ, ತಮ್ಮ ಮಕ್ಕಳಿಗೆ ಹೊಂದುವಂತೆ ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು, ಹಾಡು ಹಾಗೂ ಆಟಗಳನ್ನು ತಾವೇ ಕೂಡಿ ರಚಿಸಿದರು. ಭಿನ್ನ ತರಗತಿಯ, ಭಿನ್ನ ವೇಗದ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯಬೇಕಾದ ವಾಸ್ತವ ಸ್ಥಿತಿಯೇ ಅವರ ಮುಂದಿದ್ದ ಪ್ರಶ್ನೆ. ಶಿಕ್ಷಕರ ಸಂಪೂರ್ಣ ಸಹಾಯದಿಂದ ಹಿಡಿದು ಗೆಳೆಯರ ಸಹಾಯ ಹಾಗೂ ಸ್ವಕಲಿಕೆಯವರೆಗೆ ಮಕ್ಕಳನ್ನು ಗುಂಪುಗಳಲ್ಲಿ ಕೂರಿಸುವ ವ್ಯವಸ್ಥೆಯು ಆ ಪ್ರಶ್ನೆಗೆ ಕಂಡುಕೊಂಡ ಉತ್ತರ. 2009-10ನೇ ಸಾಲಿನಿಂದ ಈ ಪದ್ಧತಿಯನ್ನು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಲಾಯಿತು. ಒಂದು ತಾಲ್ಲೂಕಿನ ಶಿಕ್ಷಕರು ಕೂಡಿ ಮಾಡಿದ ಕೆಲಸವು ರಾಜ್ಯವ್ಯಾಪಿಯಾದುದಕ್ಕೆ ಇದು ಉತ್ತಮ ಉದಾಹರಣೆ.

5. ಗುಂಪು ಏಕೆ ಅವಶ್ಯಕ?

ಶಿಕ್ಷಕರು ಒಬ್ಬರೇ ಪಾಠ ಮಾಡುತ್ತಾ, ಅದೇ ವೇಳೆ ಮೂವತ್ತು ಮಕ್ಕಳು ಏನು ಯೋಚಿಸುತ್ತಿದ್ದಾರೆ ಎಂಬುದನ್ನು ಗಮನಿಸುವುದು ಕಷ್ಟಸಾಧ್ಯ. ಉತ್ತರ ತಪ್ಪಾಗಿದೆ ಎಂಬುದು ಕಾಣುತ್ತದೆ. ಏಕೆ ತಪ್ಪಾಯಿತು ಎಂಬುದು ಕಾಣುವುದಿಲ್ಲ. ಇದನ್ನು ಒಂದು ಉದಾಹರಣೆಯ ಮೂಲಕ ತಿಳಿಯಬಹುದು. ಇದು ವಿವರಣೆಗಾಗಿ ನೀಡಿರುವ ಉದಾಹರಣೆ ಮಾತ್ರ.

ನೆರೆಹೊರೆಯ ಮೂರು ಶಾಲೆಗಳ ಶಿಕ್ಷಕರು ಕಳೆಯುವ ಲೆಕ್ಕದಲ್ಲಿ ಮಕ್ಕಳು ಹಿಂದುಳಿದಿರುವುದನ್ನು ಗಮನಿಸುತ್ತಾರೆ ಎಂದಿಟ್ಟುಕೊಳ್ಳೋಣ. 52ರಿಂದ 27ನ್ನು ಕಳೆಯಲು ನೀಡಿದಾಗ ಸರಿಯಾದ ಉತ್ತರ 25. ಆದರೆ ಹಲವು ಮಕ್ಕಳು 35 ಎಂದು ಬರೆದಿದ್ದಾರೆ. ಎಲ್ಲರಿಗೂ ಸೊನ್ನೆ ಅಂಕ ನೀಡಿ, ಅದೇ ಪಾಠವನ್ನು ಮತ್ತೊಮ್ಮೆ ಹೇಳಿಕೊಡುವುದು ರೂಢಿಯ ಕ್ರಮ.

ಆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು "ಹೇಗೆ ಮಾಡಿದೆ, ಹೇಳು ಮಗು" ಎಂದು ಕೇಳಿದಲ್ಲಿ ಎರಡು ಬೇರೆ ಬೇರೆ ಕಾರಣಗಳು ಹೊರಬರುತ್ತವೆ. ಮೊದಲನೆಯ ಬಗೆಯ ಮಕ್ಕಳು ಬಿಡಿಸ್ಥಾನದಲ್ಲಿ 2ರಿಂದ 7ನ್ನು ಕಳೆಯಲಾಗದೆ, ದೊಡ್ಡದರಿಂದ ಚಿಕ್ಕದನ್ನು ಕಳೆದು 5 ಎಂದು ಬರೆದಿರುತ್ತಾರೆ. ಎರಡನೆಯ ಬಗೆಯ ಮಕ್ಕಳು ಒಂದು ಹತ್ತನ್ನು ಸರಿಯಾಗಿಯೇ ಎರವಲು ಪಡೆದು 12ರಿಂದ 7ನ್ನು ಕಳೆದಿರುತ್ತಾರೆ. ಆದರೆ ಹತ್ತರ ಸ್ಥಾನದಲ್ಲಿ 5ನ್ನು 4 ಮಾಡಲು ಮರೆತಿರುತ್ತಾರೆ. ಇಬ್ಬರ ಉತ್ತರವೂ 35. ಮೊದಲನೆಯವರಿಗೆ ಹತ್ತು ಮತ್ತು ಬಿಡಿಗಳ ಸಂಬಂಧವೇ ತಿಳಿದಿಲ್ಲ. ಎರಡನೆಯವರಿಗೆ ಅದು ತಿಳಿದಿದೆ, ಬರೆದಿಡುವ ಕ್ರಮ ಮಾತ್ರ ರೂಢಿಯಾಗಿಲ್ಲ. ಇಬ್ಬರಿಗೂ ಒಂದೇ ಪಾಠವನ್ನು ಮತ್ತೆ ಹೇಳಿದರೆ ಒಬ್ಬರಿಗಾದರೂ ಆ ಸಮಯ ವ್ಯರ್ಥವಾಗುತ್ತದೆ.

ಮೂವರು ಶಿಕ್ಷಕರು ಉತ್ತರ ಪತ್ರಿಕೆಗಳನ್ನು ಒಟ್ಟಿಗೆ ಹರಡಿಕೊಂಡು ಕುಳಿತಾಗ ಮತ್ತೊಂದು ಅಂಶ ಸ್ಪಷ್ಟವಾಗುತ್ತದೆ. ತಪ್ಪಿನ ಬಗೆಯನ್ನು ಗುರುತಿಸಲು 52 ಮತ್ತು 27ರ ಲೆಕ್ಕ ಸೂಕ್ತವಲ್ಲ. ಅದರ ಬದಲು 62ರಿಂದ 28ನ್ನು ಕಳೆಯಲು ನೀಡಿದಲ್ಲಿ ಮೊದಲನೆಯ ಬಗೆಯ ತಪ್ಪು ಮಾಡುವ ಮಗು 46 ಎಂದೂ, ಎರಡನೆಯ ಬಗೆಯ ತಪ್ಪು ಮಾಡುವ ಮಗು 44 ಎಂದೂ ಬರೆಯುತ್ತದೆ. ಸರಿಯಾದ ಉತ್ತರ 34. ಪ್ರಶ್ನೆಯನ್ನು ಇಷ್ಟು ಬದಲಿಸಿದ ಮಾತ್ರಕ್ಕೆ ಯಾವ ಮಗುವಿಗೆ ಯಾವ ನೆರವು ಬೇಕೆಂಬುದು ಕಾಗದದ ಮೇಲೆಯೇ ಗೋಚರಿಸುತ್ತದೆ. ಇಂತಹ ಪ್ರಶ್ನೆಯನ್ನು ಹುಡುಕುವುದೇ ಸಂಶೋಧನೆ. ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ.

6. ಗುಂಪಿನ ಕಾರ್ಯವಿಧಾನ

ಸಾಮಾನ್ಯವಾಗಿ ಈ ಕೆಳಕಂಡ ಹಂತಗಳನ್ನು ಅನುಸರಿಸಲಾಗುತ್ತದೆ.

1) ಸಮಸ್ಯೆಯ ಆಯ್ಕೆ: ಸಮಸ್ಯೆಯು ಚಿಕ್ಕದಾಗಿಯೂ ನಿರ್ದಿಷ್ಟವಾಗಿಯೂ ಇರಬೇಕು. "ಮಕ್ಕಳು ಗಣಿತದಲ್ಲಿ ಹಿಂದುಳಿದಿದ್ದಾರೆ" ಎಂಬುದು ದೂರು. "4ನೇ ತರಗತಿಯ ಮಕ್ಕಳು ಎರವಲು ಪಡೆದು ಕಳೆಯುವಲ್ಲಿ ತಪ್ಪುತ್ತಿದ್ದಾರೆ" ಎಂಬುದು ಅಧ್ಯಯನಕ್ಕೆ ಯೋಗ್ಯವಾದ ಸಮಸ್ಯೆ.

2) ಆರಂಭಿಕ ಮಾಹಿತಿ: ಬೋಧನೆಯನ್ನು ಬದಲಿಸುವ ಮುನ್ನ ಪ್ರತಿ ಮಗುವಿನ ಪ್ರಸ್ತುತ ಸ್ಥಿತಿಯನ್ನು ದಾಖಲಿಸಬೇಕು. ನೋಟ್‌ಪುಸ್ತಕ, ಕಿರುಪರೀಕ್ಷೆ ಹಾಗೂ ಮಗುವಿನೊಂದಿಗಿನ ಮಾತುಕತೆಯನ್ನು ಇದಕ್ಕೆ ಬಳಸಬಹುದು.

3) ಕಾರಣಗಳ ಚರ್ಚೆ: ಪ್ರತಿಯೊಬ್ಬರೂ ತಮಗೆ ತೋಚಿದ ಕಾರಣವನ್ನು ತಿಳಿಸಿ, ಅದಕ್ಕೆ ಆಧಾರವನ್ನೂ ನೀಡಬೇಕು. "ಮನೆಯಲ್ಲಿ ಓದಿಸುವವರಿಲ್ಲ" ಎಂಬಂತಹ, ಶಿಕ್ಷಕರ ಕೈಯಲ್ಲಿಲ್ಲದ ಕಾರಣಗಳಿಗಿಂತ ಬೋಧನೆಯಿಂದ ಬದಲಿಸಬಹುದಾದ ಕಾರಣಗಳಿಗೆ ಆದ್ಯತೆ ನೀಡುವುದು ಸೂಕ್ತ.

4) ಪಾಠ ಯೋಜನೆ: ಮೇಲ್ಕಂಡ ಉದಾಹರಣೆಯಲ್ಲಿ, ಮೊದಲನೆಯ ಬಗೆಯ ಮಕ್ಕಳಿಗಾಗಿ ಹತ್ತು ಹತ್ತು ಕಡ್ಡಿಗಳ ಕಟ್ಟುಗಳನ್ನು ಬಿಚ್ಚಿ ಬಿಡಿಯಾಗಿಸುವ ಚಟುವಟಿಕೆಯನ್ನು, ಅಥವಾ ಹತ್ತು ರೂಪಾಯಿಯ ನೋಟಿಗೆ ಒಂದು ರೂಪಾಯಿಯ ಚಿಲ್ಲರೆ ಪಡೆಯುವ ಅಂಗಡಿ ಆಟವನ್ನು ಯೋಜಿಸಬಹುದು. ಎರಡನೆಯ ಬಗೆಯ ಮಕ್ಕಳಿಗಾಗಿ, ಹತ್ತರ ಸ್ಥಾನದ ಅಂಕಿಯನ್ನು ಹೊಡೆದು ಮೇಲೆ ಹೊಸ ಅಂಕಿ ಬರೆಯುವ ಅಭ್ಯಾಸವನ್ನು ಯೋಜಿಸಬಹುದು.

5) ಬೋಧನೆ ಮತ್ತು ವೀಕ್ಷಣೆ: ಒಬ್ಬರು ಬೋಧಿಸುವಾಗ ಇತರರು ತಲಾ ನಾಲ್ಕೈದು ಮಕ್ಕಳ ಬಳಿ ಕುಳಿತು, ಅವರು ಮಾಡಿದ್ದನ್ನು ಹಾಗೂ ಆಡಿದ ಮಾತನ್ನು ಇದ್ದಂತೆಯೇ ಬರೆದುಕೊಳ್ಳುತ್ತಾರೆ.

6) ಚರ್ಚೆ ಮತ್ತು ಪರಿಷ್ಕರಣೆ: ಸಾಧ್ಯವಾದಷ್ಟು ಅದೇ ದಿನ ಚರ್ಚಿಸಿ, ಪಾಠದಲ್ಲಿ ಬದಲಾವಣೆ ಮಾಡಿ, ಎರಡನೆಯ ಶಾಲೆಯಲ್ಲಿ ಮತ್ತೊಬ್ಬ ಶಿಕ್ಷಕರು ಅದನ್ನು ಬೋಧಿಸುತ್ತಾರೆ.

7) ಮರುಪರಿಶೀಲನೆ: ಕೆಲವು ವಾರಗಳ ನಂತರ ಅದೇ ಬಗೆಯ, ಆದರೆ ಬೇರೆ ಸಂಖ್ಯೆಗಳ ಲೆಕ್ಕ ನೀಡಿ, ಆರಂಭಿಕ ಮಾಹಿತಿಯೊಂದಿಗೆ ಹೋಲಿಸಲಾಗುತ್ತದೆ. ಪಾಠದ ಮರುದಿನ ಸರಿ ಬಂದ ಉತ್ತರವು ಕಲಿಕೆ ಉಳಿದಿದೆ ಎಂಬುದಕ್ಕೆ ಸಾಕಾದ ಸಾಕ್ಷ್ಯವಲ್ಲ.

8) ದಾಖಲೆ: ಎರಡು ಮೂರು ಪುಟಗಳ ವರದಿ ಸಾಕು. ಪ್ರಯತ್ನ ಫಲಿಸದಿದ್ದಲ್ಲಿ ಅದನ್ನೂ ಬರೆದಿಡಬೇಕು. ಮುಂದೆ ಅದೇ ದಾರಿಯನ್ನು ಹಿಡಿಯಬಹುದಾದ ಇತರ ಶಿಕ್ಷಕರಿಗೆ ಅದು ಉಪಯುಕ್ತ.

ಭಾಷಾ ಬೋಧನೆಯಲ್ಲಿಯೂ ಇದೇ ಕ್ರಮ ಅನ್ವಯಿಸುತ್ತದೆ. ಒತ್ತಕ್ಷರಗಳನ್ನು ಓದುವಾಗ ತಡವರಿಸುವ ಮಗುವಿಗೆ ಅಕ್ಷರದ ಪರಿಚಯವಿಲ್ಲವೇ, ಅಥವಾ ಮನೆಯಲ್ಲಿ ಲಂಬಾಣಿ, ತುಳು, ಉರ್ದು ಇಲ್ಲವೇ ತೆಲುಗು ಮಾತನಾಡುವ ಕಾರಣ ಆ ಪದದ ಅರ್ಥವೇ ತಿಳಿದಿಲ್ಲವೇ ಎಂಬುದನ್ನು ಬೇರ್ಪಡಿಸಿ ನೋಡದೆ ನೀಡುವ ಕಾಪಿ ಬರವಣಿಗೆಯಿಂದ ಹೆಚ್ಚಿನ ಫಲ ದೊರೆಯಲಾರದು.

7. ವೀಕ್ಷಣೆಯು ತಪಾಸಣೆಯಲ್ಲ

ಇಂತಹ ಗುಂಪುಗಳು ಉಳಿಯುವುದು ಪರಸ್ಪರ ವಿಶ್ವಾಸದ ಮೇಲೆ. ತಮ್ಮ ತರಗತಿಗೆ ಬಂದ ಸಹೋದ್ಯೋಗಿಯು ದೋಷ ಹುಡುಕಲು ಬಂದಿದ್ದಾರೆ ಎಂಬ ಭಾವನೆ ಶಿಕ್ಷಕರಿಗೆ ಉಂಟಾದಲ್ಲಿ, ಅವರು ಮಕ್ಕಳಿಗೆ ಮೊದಲೇ ಕಲಿಸಿಟ್ಟ ಪಾಠವನ್ನೇ ಪ್ರದರ್ಶಿಸುವ ಸಂಭವವಿದೆ. ಆಗ ಅಧ್ಯಯನಕ್ಕೆ ಅರ್ಥವಿಲ್ಲ. ಆದುದರಿಂದ ಈ ಕೆಳಕಂಡ ಅಂಶಗಳನ್ನು ಗುಂಪಿನ ಸದಸ್ಯರು ಮೊದಲೇ ಒಪ್ಪಿಕೊಳ್ಳುವುದು ಉತ್ತಮ.

• ಯೋಜಿಸಿದ ಪಾಠವು ಗುಂಪಿನ ಪಾಠ. ಬೋಧಿಸಿದ ಒಬ್ಬರ ಪಾಠವಲ್ಲ.
• ವೀಕ್ಷಕರ ಗಮನವು ಮಕ್ಕಳ ಮೇಲಿರಬೇಕೇ ಹೊರತು ಶಿಕ್ಷಕರ ನಡೆನುಡಿಯ ಮೇಲಲ್ಲ.
• ಪಾಠದ ನಡುವೆ ವೀಕ್ಷಕರು ಮಧ್ಯಪ್ರವೇಶಿಸಬಾರದು.
• ಚರ್ಚೆಯಲ್ಲಿ ಬೋಧಿಸಿದ ಶಿಕ್ಷಕರಿಗೆ ಮೊದಲು ಮಾತನಾಡುವ ಅವಕಾಶ ನೀಡಬೇಕು.
• ಹಿರಿಯ ಹಾಗೂ ಕಿರಿಯ ಶಿಕ್ಷಕರು ಸರದಿಯಂತೆ ಬೋಧಿಸಬೇಕು.

8. ಲಭ್ಯವಿರುವ ವ್ಯವಸ್ಥೆಗಳು

ಶಾಲೆಗಳು ಒಂದಕ್ಕೊಂದು ಆಸರೆಯಾಗಬೇಕೆಂಬ ಆಶಯದ ಶಾಲಾ ಸಂಕೀರ್ಣಗಳ ಕಲ್ಪನೆಯನ್ನು 1964-66ರ ಕೊಠಾರಿ ಆಯೋಗವು ಶಿಫಾರಸು ಮಾಡಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ, "ಡಯಟ್" ಎಂದು ಕರೆಯಲಾಗುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಸ್ಥಾಪನೆಯಾದವು. ಕ್ರಿಯಾ ಸಂಶೋಧನೆಗೆ ಮಾರ್ಗದರ್ಶನ ನೀಡುವುದು ಈ ಸಂಸ್ಥೆಗಳ ಕಾರ್ಯಗಳಲ್ಲೊಂದು. 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಹಾಗೂ ನಂತರದ ಸರ್ವ ಶಿಕ್ಷಣ ಅಭಿಯಾನದ ಅವಧಿಯಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳು ಮತ್ತು ಸಮೂಹ ಸಂಪನ್ಮೂಲ ಕೇಂದ್ರಗಳು ಬೆಳೆದುಬಂದವು. ಸಮೂಹ ಮಟ್ಟದಲ್ಲಿ ಸಮೀಪದ ಶಾಲೆಗಳ ಶಿಕ್ಷಕರು ಸೇರುವ ಸಮಾಲೋಚನಾ ಸಭೆಯು ಸಂಶೋಧನಾ ಗುಂಪು ರೂಪುಗೊಳ್ಳಲು ಸಹಜವಾದ ನೆಲೆಯಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಬೆಳವಣಿಗೆಯ ಚಟುವಟಿಕೆಗಳಲ್ಲಿ ಭಾಗವಹಿಸಬೇಕೆಂದು ನಿರೀಕ್ಷಿಸುತ್ತದೆ.

9. ಮಕ್ಕಳ ಹಿತರಕ್ಷಣೆ

2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮವು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರ 24ನೇ ಪ್ರಕರಣದಂತೆ, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ನಿರ್ಣಯಿಸಿ ಅವಶ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದು ಹಾಗೂ ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸಿ ಮಗುವಿನ ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ. 29ನೇ ಪ್ರಕರಣವು ಮಗುವನ್ನು ಭಯ ಮತ್ತು ಆತಂಕದಿಂದ ಮುಕ್ತಗೊಳಿಸುವ ಕಲಿಕೆಯನ್ನು ಅಪೇಕ್ಷಿಸುತ್ತದೆ. ಸಂಶೋಧನಾ ಗುಂಪಿನ ಕೆಲಸವು ಈ ಕರ್ತವ್ಯಗಳನ್ನು ನೆರವೇರಿಸುವ ಒಂದು ಮಾರ್ಗವೇ ಹೊರತು ಅವುಗಳಿಗೆ ಪರ್ಯಾಯವಲ್ಲ.

ಹೊಸ ವಿಧಾನವನ್ನು ಪರೀಕ್ಷಿಸುವ ನೆಪದಲ್ಲಿ ಕೆಲವು ಮಕ್ಕಳಿಗೆ ಬೋಧನೆಯನ್ನೇ ನಿರಾಕರಿಸುವುದು ಸಲ್ಲದು. ವರದಿಯಲ್ಲಿ ಮಗುವಿನ ಹೆಸರು, ಜಾತಿ ಅಥವಾ ಕುಟುಂಬದ ವಿವರ ನಮೂದಿಸದಿರುವುದು ಸೂಕ್ತ. ಭಾವಚಿತ್ರ ಅಥವಾ ವಿಡಿಯೋ ತೆಗೆಯುವುದಾದಲ್ಲಿ ಪೋಷಕರ ಒಪ್ಪಿಗೆ ಪಡೆಯುವುದು ಅವಶ್ಯಕ.

10. ಮಿತಿಗಳು

ಈ ವಿಧಾನದಿಂದ ಎಲ್ಲ ಸಮಸ್ಯೆಗಳೂ ಪರಿಹಾರವಾಗುತ್ತವೆ ಎಂದು ಭಾವಿಸಬಾರದು. ಶಿಕ್ಷಕರ ಕೊರತೆ, ಕೊಠಡಿಗಳ ಕೊರತೆ ಅಥವಾ ಮಗುವಿನ ದೀರ್ಘಕಾಲದ ಗೈರುಹಾಜರಿಯನ್ನು ಪಾಠ ಯೋಜನೆಯಿಂದ ನೀಗಿಸಲಾಗದು. ಒಂದು ಶಾಲೆಯಲ್ಲಿ ಫಲಿಸಿದ ವಿಧಾನವು ಮತ್ತೊಂದರಲ್ಲಿ ಫಲಿಸದಿರಬಹುದು. ಸಭೆಗೆ ಸಮಯ ದೊರೆಯದಿದ್ದಲ್ಲಿ, ಅಥವಾ ವರದಿಗಳ ಸಂಖ್ಯೆಯೇ ಗುರಿಯಾದಲ್ಲಿ, ಗುಂಪು ಕೇವಲ ಕಡತವಾಗಿ ಉಳಿಯುತ್ತದೆ. ವರ್ಷಕ್ಕೆ ಹತ್ತು ವರದಿಗಳಿಗಿಂತ ಚೆನ್ನಾಗಿ ನೋಡಿದ ಒಂದು ಪಾಠವು ಮಕ್ಕಳಿಗೆ ಹೆಚ್ಚು ಪ್ರಯೋಜನಕಾರಿ.

11. ಪೋಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗುವಿಗೆ ಈ ಸೌಲಭ್ಯ ಪಡೆಯಲು ಅರ್ಜಿ ಅಥವಾ ಶುಲ್ಕ ಸಲ್ಲಿಸಬೇಕೇ?
ಉತ್ತರ: ಇಲ್ಲ. ಇದು ಶಿಕ್ಷಕರು ತಮ್ಮ ವೃತ್ತಿಯ ಭಾಗವಾಗಿ ಕೈಗೊಳ್ಳುವ ಕೆಲಸ. ಅರ್ಜಿ ಸಲ್ಲಿಸಿ ಪಡೆಯುವ ಪ್ರತ್ಯೇಕ ಸೇವೆಯಲ್ಲ.

ಪ್ರಶ್ನೆ: ಬೇರೆ ಶಾಲೆಯ ಶಿಕ್ಷಕರು ಬಂದು ನನ್ನ ಮಗುವಿನ ಪಕ್ಕ ಕುಳಿತು ಬರೆದುಕೊಂಡರೆಂದು ಮಗು ಹೇಳಿದೆ. ಇದು ಮಗುವಿನ ಅಂಕಗಳ ಮೇಲೆ ಪರಿಣಾಮ ಬೀರುವುದೇ?
ಉತ್ತರ: ವೀಕ್ಷಣೆಯ ಉದ್ದೇಶ ಪಾಠವನ್ನು ಸುಧಾರಿಸುವುದು, ಮಗುವಿಗೆ ಅಂಕ ನೀಡುವುದಲ್ಲ. ಸಂದೇಹವಿದ್ದಲ್ಲಿ ಮುಖ್ಯ ಶಿಕ್ಷಕರನ್ನು ಕೇಳಿ ತಿಳಿಯಬಹುದು.

ಪ್ರಶ್ನೆ: ನಮ್ಮೂರಿನದು ಏಕೋಪಾಧ್ಯಾಯ ಶಾಲೆ. ಇಲ್ಲಿ ಗುಂಪು ಸಾಧ್ಯವೇ?
ಉತ್ತರ: ಸಮೂಹದ ಇತರ ಶಾಲೆಗಳ ಶಿಕ್ಷಕರೊಂದಿಗೆ ಸೇರಿ ಸಾಧ್ಯ. ಒಬ್ಬರೇ ಇರುವ ಶಿಕ್ಷಕರು ತಮ್ಮ ಶಾಲೆಯನ್ನು ಮುಚ್ಚಿ ಹೋಗಲಾಗದು. ಆದುದರಿಂದ ಇತರರು ಅವರ ಶಾಲೆಗೆ ಬರುವುದು ಹಾಗೂ ಸಮಾಲೋಚನಾ ಸಭೆಯ ದಿನ ಚರ್ಚಿಸುವುದು ಅನುಕೂಲಕರ.

ಪ್ರಶ್ನೆ: ಒಂದೇ ಪಾಠಕ್ಕೆ ಇಷ್ಟು ಸಮಯ ನೀಡಿದರೆ ಉಳಿದ ಪಾಠಗಳು ಹಿಂದೆ ಬೀಳುವುದಿಲ್ಲವೇ?
ಉತ್ತರ: ಎಲ್ಲ ಪಾಠಗಳನ್ನೂ ಹೀಗೆ ಅಧ್ಯಯನ ಮಾಡುವುದಿಲ್ಲ. ಮುಂದಿನ ಕಲಿಕೆಗೆ ಅಡಿಪಾಯವಾದ ಒಂದೆರಡು ಅಂಶಗಳನ್ನು ಮಾತ್ರ ಆರಿಸಿಕೊಳ್ಳಲಾಗುತ್ತದೆ. ಕಳೆಯುವುದು ತಿಳಿಯದ ಮಗುವಿಗೆ ಭಾಗಾಕಾರದ ಪಾಠ ಮುಗಿಸಿದರೂ ಕಲಿಕೆ ಆಗಿರುವುದಿಲ್ಲ.

ಪ್ರಶ್ನೆ: ಪೋಷಕರಾಗಿ ನಾವು ಏನು ಮಾಡಬಹುದು?
ಉತ್ತರ: ಪೋಷಕರ ಸಭೆಗೆ ತಪ್ಪದೆ ಹಾಜರಾಗಿ, "ಎಷ್ಟು ಅಂಕ ಬಂತು" ಎಂಬುದರ ಜೊತೆಗೆ "ಎಲ್ಲಿ ತೊಡಕಾಗಿದೆ, ಅದಕ್ಕೆ ಏನು ಮಾಡುತ್ತಿದ್ದೀರಿ" ಎಂದೂ ಕೇಳಬಹುದು. ಮಗು ಮನೆಯಲ್ಲಿ ಲೆಕ್ಕ ಮಾಡುವ ಬಗೆ ಮತ್ತು ಮನೆಯಲ್ಲಾಡುವ ಭಾಷೆಯ ವಿವರಗಳು ಶಿಕ್ಷಕರಿಗೆ ಉಪಯುಕ್ತ ಮಾಹಿತಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿಯೂ ಈ ವಿಷಯವನ್ನು ಚರ್ಚೆಗೆ ತರಬಹುದು.

12. ಕೊನೆಯ ಮಾತು

ತಪ್ಪು ಉತ್ತರ ಬರೆದ ಮಗುವೂ ಯಾವುದೋ ಒಂದು ಕ್ರಮದಿಂದ ಯೋಚಿಸಿಯೇ ಅದನ್ನು ಬರೆದಿರುತ್ತದೆ. ಆ ಕ್ರಮವನ್ನು ಅರಿಯಲು ಶಿಕ್ಷಕರಿಗೆ ಸಮಯ, ಸಹೋದ್ಯೋಗಿಗಳ ಜೊತೆ ಹಾಗೂ ಪೋಷಕರ ಸಹಕಾರ ಅಗತ್ಯ. ಈ ಬಗ್ಗೆ ಹೆಚ್ಚಿನ ವಿವರಗಳಿಗಾಗಿ ತಮ್ಮ ಮಗುವಿನ ಶಾಲೆಯ ಮುಖ್ಯ ಶಿಕ್ಷಕರನ್ನು, ಸಮೂಹ ಸಂಪನ್ಮೂಲ ವ್ಯಕ್ತಿಗಳನ್ನು ಅಥವಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.